ಹಾಸನದ ಒಂದು ಸಂಜೆ ತರಗತಿ: ಜಪಾನ್, ಅಮೆರಿಕ ಮತ್ತು ತಲಾ ಆದಾಯದ ಲೆಕ್ಕ

ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗಾಗಿ ಹಾಸನದ ಬಿ.ಎಂ. ರಸ್ತೆಯ ಸಮೀಪವಿರುವ ತರಬೇತಿ ಕೇಂದ್ರವೊಂದರ ಅರ್ಥಶಾಸ್ತ್ರದ ಸಂಜೆ ತರಗತಿಗೆ ಮೂರು ತಿಂಗಳು ಹೋಗಿದ್ದೆ. ಪಾಠದ ಹೆಚ್ಚಿನ ಭಾಗ ಬೇರೆಡೆಯೂ ಸಿಗುವಂಥದ್ದೇ. ಆದರೆ ಎರಡು ಶ್ರೀಮಂತ ದೇಶಗಳ ತಲಾ ಆದಾಯವನ್ನು ಹೋಲಿಸುವುದಕ್ಕೆಂದೇ ಮೀಸಲಿಟ್ಟ ನಾಲ್ಕು ತರಗತಿಗಳಿಗಾಗಿ ಇಲ್ಲಿಗೆ ಸೇರಬಹುದು ಎಂಬುದು ನನ್ನ ಅಭಿಪ್ರಾಯ.

ಮೊದಲ ದಿನ ಉಪನ್ಯಾಸಕರು ಕಪ್ಪುಹಲಗೆಯ ಮೇಲೆ ಎರಡೇ ಸಾಲು ಬರೆದರು. 1995ರಲ್ಲಿ ಜಪಾನಿನ ತಲಾ ಜಿಡಿಪಿ (ವರ್ಷದಲ್ಲಿ ದೇಶದೊಳಗೆ ಆಗುವ ಒಟ್ಟು ಉತ್ಪನ್ನದಲ್ಲಿ ತಲೆಗೆ ಬರುವ ಪಾಲು) ಸುಮಾರು 44 ಸಾವಿರ ಡಾಲರ್, ಅಮೆರಿಕದ್ದು 29 ಸಾವಿರದ ಆಸುಪಾಸು. 2023ರಲ್ಲಿ ಜಪಾನಿನದು ಸುಮಾರು 34 ಸಾವಿರ, ಅಮೆರಿಕದ್ದು 80 ಸಾವಿರಕ್ಕೂ ಹೆಚ್ಚು. ‘ಹಾಗಾದರೆ ಜಪಾನಿನ ಜನ ಬಡವರಾದರೇ?’ ಎಂದು ಕೇಳಿ, ಉತ್ತರವನ್ನು ಮರುದಿನಕ್ಕೆ ಉಳಿಸಿದರು.

ಉತ್ತರದ ದೊಡ್ಡ ಪಾಲು ಜಪಾನಿನ ಯೆನ್ ಲೆಕ್ಕವನ್ನು ಡಾಲರಿಗೆ ಬದಲಿಸುವ ವಿನಿಮಯ ದರದಲ್ಲಿತ್ತು. ಡಾಲರಿನ ಬೆಲೆ ಇಳಿಸಲು ಐದು ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದಕ್ಕೆ ಮುನ್ನ ಡಾಲರಿಗೆ 240 ಯೆನ್ ಆಸುಪಾಸಿದ್ದ ದರ 1995ರ ಏಪ್ರಿಲ್‌ನಲ್ಲಿ 80ರ ಹತ್ತಿರ ಬಂದಿತ್ತು. 2023ರಲ್ಲಿ ಅದು ಸರಾಸರಿ 140 ಯೆನ್‌ನಷ್ಟಿತ್ತು. ಯೆನ್‌ನಲ್ಲಿ ಸಂಬಳ ಪಡೆದು ಯೆನ್ ಕೊಟ್ಟೇ ಅಕ್ಕಿ ಕೊಳ್ಳುವವರ ಬದುಕು ಇಷ್ಟೇ ಪ್ರಮಾಣದಲ್ಲಿ ಏರಿಳಿಯುವುದಿಲ್ಲ. ಸಕಲೇಶಪುರದ ಕಾಫಿ ಬೆಳೆಗಾರರ ಮನೆಯಿಂದ ಬಂದಿದ್ದ ಸಹಪಾಠಿಯೊಬ್ಬರಿಗೆ ಇದು ಎಲ್ಲರಿಗಿಂತ ಮೊದಲು ತಿಳಿಯಿತು: ಡಾಲರ್ ಏರಿದ ವರ್ಷ ಕಾಫಿಗೆ ಹೆಚ್ಚು ರೂಪಾಯಿ ಸಿಗಬಹುದೇ ಹೊರತು ತೋಟದಲ್ಲಿ ಮೂಟೆಗಳು ಹೆಚ್ಚಾಗುವುದಿಲ್ಲ.

ಆಮೇಲೆ ಕೊಳ್ಳುವ ಶಕ್ತಿಯ ಆಧಾರದ ಲೆಕ್ಕ ಬಂತು. ಆಯಾ ದೇಶದ ಬೆಲೆಗಳನ್ನು ಪರಿಗಣಿಸುವ ಈ ಅಳತೆಯಲ್ಲಿ ಜಪಾನ್ ಯಾವ ವರ್ಷವೂ ಅಮೆರಿಕವನ್ನು ದಾಟಿಲ್ಲ. 1990ರ ಸುಮಾರಿಗೆ ಹತ್ತಿರ ಬಂದು, ಆಸ್ತಿ ಮತ್ತು ಷೇರು ಬೆಲೆಗಳು ಕುಸಿದ ಬಳಿಕ ಹಿಂದೆ ಬಿದ್ದಿತು. ದುಡಿಯುವ ವಯಸ್ಸಿನವರ ಸಂಖ್ಯೆ ಅಲ್ಲಿ 1990ರ ದಶಕದ ನಡುವಿನಿಂದ ಇಳಿಯುತ್ತ ಬಂದಿದ್ದು, ದುಡಿಯುವ ವಯಸ್ಸಿನ ತಲೆಯೊಂದಕ್ಕೆ ಲೆಕ್ಕ ಹಾಕಿದರೆ ಎರಡೂ ದೇಶಗಳ ಬೆಳವಣಿಗೆಯ ವೇಗದಲ್ಲಿ ಹೆಚ್ಚು ಅಂತರ ಉಳಿಯುವುದಿಲ್ಲ ಎಂಬುದನ್ನು ಅವರು ಬಿಡಿಸಿ ತೋರಿಸಿದ ಸಂಜೆ ನನಗೆ ನಿಜಕ್ಕೂ ಸಂತೋಷವಾಯಿತು.

ಇಷ್ಟು ಚೆನ್ನಾಗಿ ಪಾಠ ಮಾಡುವ ಕೇಂದ್ರವು ಹಂಚುವ ಮುದ್ರಿತ ಟಿಪ್ಪಣಿ ಮಾತ್ರ ಬೇಸರ ತರಿಸುತ್ತದೆ. ಅದರ ಕೋಷ್ಟಕವೊಂದರಲ್ಲಿ ಜಪಾನಿನ 1995ರ ಅಂಕಿ ವಿನಿಮಯ ದರದ್ದು, 2023ರ ಅಂಕಿ ಕೊಳ್ಳುವ ಶಕ್ತಿಯದ್ದು. ಕೊಳ್ಳುವ ಶಕ್ತಿಯ ಲೆಕ್ಕಕ್ಕೆ ಅಮೆರಿಕದ ಡಾಲರೇ ಆಧಾರವಾದ್ದರಿಂದ ಆ ದೇಶದ ಅಂಕಿ ಎರಡು ಅಳತೆಗಳಲ್ಲೂ ಒಂದೇ ಆಗಿರುತ್ತದೆ; ಹೀಗಾಗಿ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ತರಗತಿಗೆ ಬಾರದೆ ಟಿಪ್ಪಣಿಯನ್ನಷ್ಟೇ ಓದುವವರು ಜಪಾನ್ ಏರುತ್ತಲೇ ಬಂದಿದೆ ಎಂದು ಬರೆದು ಬರುತ್ತಾರೆ. ಕಚೇರಿಯಲ್ಲಿ ಹೇಳಿದೆ; ಮುಂದಿನ ಮುದ್ರಣದಲ್ಲಿ ತಿದ್ದುವುದಾಗಿ ತಿಳಿಸಿದ್ದಾರೆ.

ದೇಶೀಯ ಉತ್ಪನ್ನಕ್ಕೂ (ಜಿಡಿಪಿ) ದೇಶದವರು ಒಳಗೂ ಹೊರಗೂ ಗಳಿಸುವ ರಾಷ್ಟ್ರೀಯ ಆದಾಯಕ್ಕೂ ಇರುವ ವ್ಯತ್ಯಾಸವನ್ನು ಹತ್ತೇ ನಿಮಿಷದಲ್ಲಿ ಮುಗಿಸಿದ್ದು ಇನ್ನೊಂದು ಕೊರತೆ. ವಿದೇಶಗಳಲ್ಲಿನ ಹೂಡಿಕೆಯಿಂದ ಬರುವ ಬಡ್ಡಿ ಮತ್ತು ಲಾಭಾಂಶದಿಂದಾಗಿ ಜಪಾನಿನ ರಾಷ್ಟ್ರೀಯ ಆದಾಯ ಅದರ ಜಿಡಿಪಿಗಿಂತ ಹೆಚ್ಚು; ಬಹುರಾಷ್ಟ್ರೀಯ ಕಂಪನಿಗಳ ಲಾಭ ಹೊರಹೋಗುವ ಐರ್ಲೆಂಡಿನಲ್ಲಿ ಅದು ಬಹಳ ಕಡಿಮೆ. ಇದಕ್ಕೆ ಐದನೆಯ ತರಗತಿಯೊಂದನ್ನು ಸೇರಿಸಿದರೆ, ಅದೇ ಶುಲ್ಕ ಕಟ್ಟಿ ಇನ್ನೊಮ್ಮೆ ಕುಳಿತು ಕೇಳಲು ನಾನು ಸಿದ್ಧ.