ಕೆಳಗಿನ ಬುದ್ಧಿ ಹಲ್ಲು: ಪೂರ್ತಿ ಕೀಳಿಸುವುದೋ, ಬೇರನ್ನು ಅಲ್ಲೇ ಉಳಿಸುವುದೋ?

ಬೇರು ನರಕ್ಕೆ ತಾಗಿದಂತಿದೆ, ಏನು ಮಾಡಿಸಲಿ ಅಂತ ಕೇಳಿದ್ದೀರಿ. ಮೊದಲು ನರದ ದಾರಿ ನೋಡಿ. ಕೆಳದವಡೆಯ ಒಳಮಗ್ಗುಲಲ್ಲಿ ಒಂದು ರಂಧ್ರವಿದೆ. ನರ ಅಲ್ಲಿಂದ ಮೂಳೆಯೊಳಗೆ ಇಳಿದು, ಹಲ್ಲಿನ ಬೇರುಗಳ ಕೆಳಗೆ ಕಾಲುವೆಯಲ್ಲಿ ಸಾಗುತ್ತದೆ. ಕೆಳತುಟಿ, ಗದ್ದದ ಸ್ಪರ್ಶ ಇದರಿಂದಲೇ.

ಒಪಿಜಿಯಲ್ಲಿ, ಅಂದರೆ ಇಡೀ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇಯಲ್ಲಿ, ಕಾಲುವೆಯ ಅಂಚು ಎರಡು ಬಿಳಿ ಗೆರೆಗಳಾಗಿ ಕಾಣುತ್ತದೆ. ಬೇರಿನ ಹತ್ತಿರ ಗೆರೆ ತುಂಡಾಗಿದ್ದರೆ, ಬೇರು ಅಲ್ಲಿ ಕಪ್ಪಾಗಿದ್ದರೆ ಎಚ್ಚರ ಬೇಕು. ಆಗ ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್ ಕೇಳಿ. ನರ ಬೇರಿನ ಯಾವ ಬದಿಗಿದೆ ಅಂತ ಅದರಲ್ಲೇ ಸರಿಯಾಗಿ ಗೊತ್ತಾಗುವುದು.

ತುಟಿ ಜೋಮು ಹಿಡಿಯುವ ಭಯವೇ ದೊಡ್ಡದಾದರೆ ಕರೊನೆಕ್ಟಮಿ ಒಳ್ಳೆಯದು. ಹಲ್ಲಿನ ತಲೆ ಕತ್ತರಿಸಿ, ಬೇರನ್ನು ಮೂಳೆಯ ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಗೆ ಬಿಡುತ್ತಾರೆ. ನರಕ್ಕೆ ಪೆಟ್ಟಾಗುವ ಸಾಧ್ಯತೆ ಕಡಿಮೆ. ನಾಲಿಗೆಯ ನರ ಮಾತ್ರ ಒಳಬದಿಯ ಒಸಡಿಗೆ ಅಂಟಿಕೊಂಡಂತೆ ಇರುತ್ತದೆ, ಎರಡೂ ವಿಧಾನದಲ್ಲಿ ಅದನ್ನು ಕಾಯಲೇಬೇಕು.

ಒಂದೇ ಸಲಕ್ಕೆ ಮುಗಿಯಬೇಕು ಅಂದರೆ ಪೂರ್ತಿ ಕೀಳಿಸುವುದೇ ಸರಿ. ಕರೊನೆಕ್ಟಮಿಯಲ್ಲಿ ಉಳಿದ ಬೇರು ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ. ಕೆಲವರಿಗೆ ಮತ್ತೆ ತೆಗೆಸಬೇಕಾಗುತ್ತದೆ, ಆದರೆ ಅಷ್ಟರಲ್ಲಿ ಅದು ಸಾಮಾನ್ಯವಾಗಿ ನರದಿಂದ ದೂರ ಬಂದಿರುತ್ತದೆ. ನಡುನಡುವೆ ಎಕ್ಸ್‌ರೇ ಖರ್ಚು ಜಾಸ್ತಿ.

ಬೇರಿಗೆ ಸೋಂಕು ತಗುಲಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಬೇರು ಬಿಡುವಂತಿಲ್ಲ. ತಲೆ ಕತ್ತರಿಸುವಾಗ ಬೇರು ಸಡಿಲವಾದರೂ ಅಷ್ಟೇ, ತೆಗೆಯಲೇಬೇಕು. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಈ ಮಾತನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಿ.