ಲ್ಯಾಬ್ರಡಾರ್ ನಾಯಿಗೆ ವೈರ್ ಕ್ರೇಟಾ, ಪ್ಲಾಸ್ಟಿಕ್ಕಾ?

ಕುಂಬಳೆಯಿಂದ ಕೇಳಿದ್ರಲ್ಲ, 30 ಕಿಲೋ ಲ್ಯಾಬಿಗೆ ಯಾವ ಕ್ರೇಟ್ (ನಾಯಿ ಗೂಡು) ಒಳ್ಳೇದು, ಸರಳಿನ ವೈರ್‌ದ್ದಾ ಪ್ಲಾಸ್ಟಿಕ್ಕಿನದ್ದಾ ಅಂತ. ಮನೇಲೇ ಇಡೋದಾದ್ರೆ ನಾನು ವೈರ್ ಅಂತೇನೆ, ನಮ್ಮ ಸೆಕೆಗೆ ಗಾಳಿ ಆಡ್ತದೆ, ಮಡಚಿ ಗೋಡೆಗೆ ಒರಗಿಸ್ಬಹುದು, ಒಳಗೆ ಡಿವೈಡರ್ (ಅಡ್ಡ ತಡೆ) ಹಾಕಿ ಜಾಗ ಚಿಕ್ಕದು ಮಾಡಿದ್ರೆ ಮರಿ ದೊಡ್ಡದಾಗೋವರೆಗೂ ಒಂದೇ ಸಾಕು, ಆದ್ರೆ ಕಡಲಿನ ಉಪ್ಪುಗಾಳಿಗೆ ಕೋಟಿಂಗ್ ಎದ್ದಲ್ಲೆಲ್ಲ ತುಕ್ಕು ಹಿಡೀತದೆ, ನಮ್ಮದಕ್ಕೆ ಎರಡೇ ಮಳೆಗಾಲಕ್ಕೆ ಹಿಡೀತು. ಒಳಗೆ ಬಿಡುವಾಗ ಕುತ್ತಿಗೆ ಬೆಲ್ಟ್ ತೆಗೀಲೇಬೇಕು, ಸರಳಿಗೆ ಸಿಕ್ಕಿದ್ರೆ ಜೀವಕ್ಕೇ ಅಪಾಯ.

ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ತೊಳೀಲಿಕ್ಕೆ ಸುಲಭ, ಗುಡುಗಿಗೆ ಹೆದರೋ ನಾಯಿಗೆ ಗುಹೆ ತರ ಧೈರ್ಯ. ಮಂಗಳೂರಿಂದ ವಿಮಾನದ ಕಾರ್ಗೋದಲ್ಲಿ ಕಳಿಸೋದಿದ್ರೆ ಮಡಚೋ ವೈರ್ ಆಗುದಿಲ್ಲ, ಗಟ್ಟಿ ಗೋಡೆಯದ್ದೇ ಬೇಕು. ಆದ್ರೆ ಜಾಗ ತಿಂತದೆ, ಏಪ್ರಿಲಲ್ಲಿ ಒಳಗೆ ಬೇಯ್ತದೆ.

ಲ್ಯಾಬಿಗೆ ಸಾಮಾನ್ಯ 42 ಇಂಚು ಉದ್ದದ ಕ್ರೇಟ್, ಆದ್ರೂ ನಾಯೀನ ಅಳೆದೇ ತನ್ನಿ, ತಲೆ ತಾಗದೆ ನಿಲ್ಬೇಕು, ತಿರುಗ್ಬೇಕು, ಕಾಲು ಚಾಚಿ ಮಲಗ್ಬೇಕು.