ಮೌಂಟ್ ನಡುರಾತ್ರಿ ಕೈಕೊಟ್ಟರೆ: ಹುಬ್ಬಳ್ಳಿಯ ಒಂದು ಬ್ಯಾಟರಿ ಅಂಗಡಿ

ನಮ್ಮ ಭಾಗದಲ್ಲಿ ಟೆಲಿಸ್ಕೋಪಿಗೆ ಕ್ಯಾಮೆರಾ ಹಚ್ಚಿ ಆಕಾಶದ ಫೋಟೋ ತೆಗೆಯುವವರಿಗೆ ಒಂದು ಮಾತು. ಮೌಂಟ್ (ಟೆಲಿಸ್ಕೋಪನ್ನು ಹೊತ್ತು ನಕ್ಷತ್ರದ ಕಡೆ ತಿರುಗಿಸುವ ಮೋಟಾರಿನ ಸ್ಟ್ಯಾಂಡ್) ಪದೇ ಪದೇ ಬಂದ್ ಆಗುತ್ತಿದ್ದರೆ ಅದನ್ನು ಬೆಂಗಳೂರಿಗೆ ಪಾರ್ಸೆಲ್ ಮಾಡುವ ಮೊದಲು ದುರ್ಗದಬೈಲಿನ ಹತ್ತಿರದ ಓಣಿಯಲ್ಲಿರುವ ಈ ಅಂಗಡಿಗೆ ಹೋಗಿ ಬನ್ನಿ. ಬೋರ್ಡಿನ ಮೇಲೆ ಹೆಸರಿಲ್ಲ, ‘ಬ್ಯಾಟರಿ, ಇನ್ವರ್ಟರ್, ಯುಪಿಎಸ್ ರಿಪೇರಿ’ ಎಂದಷ್ಟೇ ಇದೆ. ಜಾತ್ರೆಯ ಸೌಂಡ್ ಸಿಸ್ಟಂನವರು, ಇ-ಬೈಕಿನವರು ಇಲ್ಲಿಯ ಕಾಯಂ ಗಿರಾಕಿಗಳು.

ನಾನು ಟೆಲಿಸ್ಕೋಪ್ ಹೂಡುವುದು ಗದಗ ಜಿಲ್ಲೆಯ ಡಂಬಳದ ಕಡೆ, ಅಣ್ಣನ ಹೊಲದಲ್ಲಿ. ಸಂಜೆಯೆಲ್ಲ ಚೆನ್ನಾಗಿ ನಡೆಯುತ್ತಿತ್ತು. ಇಬ್ಬನಿ ಬೀಳತೊಡಗಿದ ಮೇಲೆ ಲೆನ್ಸಿನ ಹೀಟರ್ ಹಚ್ಚಬೇಕು, ಅಷ್ಟೊತ್ತಿಗೆ ಕ್ಯಾಮೆರಾದ ಕೂಲರ್ ಕೂಡ ಕರೆಂಟ್ ಎಳೆಯುತ್ತಿರುತ್ತದೆ. ಆಗ ಮೌಂಟಿಗೆ ಬೇರೆ ನಕ್ಷತ್ರದ ಕಡೆ ತಿರುಗು ಎಂದರೆ ಮುಗಿಯಿತು. ಜೋರಾಗಿ ತಿರುಗುವಾಗ ಮೋಟಾರಿಗೆ ಹೆಚ್ಚು ಆಂಪಿಯರ್ ಬೇಕು. ದೀಪ ಮಿಣುಕಿ ಮೌಂಟ್ ರೀಸ್ಟಾರ್ಟ್ ಆಗುತ್ತಿತ್ತು, ನಕ್ಷತ್ರಗಳ ಜಾಗಕ್ಕೆ ಹೊಂದಿಸಿಟ್ಟ ಅಲೈನ್‌ಮೆಂಟ್ ಎಲ್ಲ ಅಳಿಸಿಹೋಗುತ್ತಿತ್ತು. ಬ್ಯಾಟರಿ ಮಾರಿದವರನ್ನು ಕೇಳಿದರೆ ಇನ್ನೂ ದೊಡ್ಡ ಬ್ಯಾಟರಿ ಕೊಳ್ಳಿ ಎಂದರು.

ಈ ಅಂಗಡಿಯವರು ಮೀಟರ್ ತಂದು ಬ್ಯಾಟರಿಗೆ ಹಿಡಿದು ಸುಮ್ಮನಾಗಲಿಲ್ಲ. ನನ್ನದರಂಥ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅರ್ಧ ಖಾಲಿಯಾದರೂ ಸುಮಾರು 13 ವೋಲ್ಟ್ ತೋರಿಸುತ್ತಲೇ ಇರುತ್ತದೆ, ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅವರು ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಒಂದನ್ನು ನನ್ನ ಕೇಬಲ್ಲಿನ ತುದಿಗೆ ಕಟ್ಟಿ ಹೊತ್ತಿಸಿದರು. ಅಂದರೆ ನಾಲ್ಕೂವರೆ ಆಂಪಿಯರಿನಷ್ಟು ಲೋಡ್. ಬ್ಯಾಟರಿಯ ಹತ್ತಿರ 13.1, ಬಲ್ಬಿನ ಹತ್ತಿರ 11.3! ನಡುವೆ 1.8 ವೋಲ್ಟ್ ಮಾಯ. ಸಿಗರೇಟ್ ಲೈಟರ್ ಮಾದರಿಯ ಪ್ಲಗ್ಗನ್ನು ನನ್ನ ಕೈಗೆ ಕೊಟ್ಟು ಮುಟ್ಟಿ ನೋಡಿ ಎಂದರು, ಸುಡುತ್ತಿತ್ತು. “ಬ್ಯಾಟರಿದೇನೂ ತಪ್ಪಿಲ್ರಿ ಅಕ್ಕಾರ, ನಡುವಿನ ವೈರ್ ತಿನ್ನಾಕತ್ತೈತ್ರಿ” ಅಂದರು. ಕೇಬಲ್ ಕತ್ತರಿಸಿ ತೋರಿಸಿದರೆ ದಪ್ಪ ರಬ್ಬರಿನೊಳಗೆ ಕೂದಲಿನಂಥ ನಾಲ್ಕು ಎಳೆ ತಾಮ್ರ. ಮೂರು ಮೀಟರ್ ಕೇಬಲ್ ಎಂದರೆ ಕರೆಂಟಿಗೆ ಹೋಗಿ ಬರಲು ಆರು ಮೀಟರ್ ದಾರಿ, ಅದನ್ನು ನಾವು ಯಾರೂ ಲೆಕ್ಕ ಹಾಕುವುದಿಲ್ಲ.

2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿದರು. ಲೈಟರ್ ಪ್ಲಗ್ ತೆಗೆದು ಎಕ್ಸ್‌ಟಿ60 ಎಂಬ, ಬಿಗಿಯಾಗಿ ಕೂರುವ ಕನೆಕ್ಟರ್ ಬೆಸುಗೆ ಹಾಕಿದರು, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಕೂಡಿಸಿದರು. ಹೀಟರಿಗೆ ಬೇರೆ ಲೈನ್ ಎಳೆಯಲು ಹೇಳಿದ್ದು ನಾನು. ಕಾರಣ ಕೇಳಿ ತಿಳಿದುಕೊಂಡು ಒಪ್ಪಿದರು. ಅದೇ ಬಲ್ಬ್ ಮತ್ತೆ ಕಟ್ಟಿದಾಗ ತುದಿಯಲ್ಲಿ 12.8 ಬಂತು. ಸಾಮಾನು, ಕೂಲಿ ಸೇರಿ 850 ರೂಪಾಯಿ.

ಕೊರತೆಯೂ ಇದೆ. ಮೌಂಟಿಗೆ ಹೋಗುವ ದುಂಡು ಪಿನ್ನಿನ ಪ್ಲಗ್ 2.1 ಮಿಲಿಮೀಟರಿನದು ಬೇಕಿತ್ತು, ಅವರು ಮೊದಲು ಹಾಕಿದ್ದು 2.5ರದ್ದು. ನೋಡಲು ಎರಡೂ ಒಂದೇ, ತೂರಿಸಿದರೆ ಒಳಗೂ ಹೋಗುತ್ತದೆ, ಆದರೆ ಸಡಿಲ. ಮೌಂಟ್ ಅಲುಗಿದರೆ ಕರೆಂಟ್ ತಪ್ಪುತ್ತದೆ. ಹೇಳಿದ ಮೇಲೆ ಕಾಸು ಕೇಳದೆ ಬದಲಿಸಿಕೊಟ್ಟರು. ಬಿಲ್ ಕೊಡುವುದಿಲ್ಲ. ಜಾತ್ರೆಯ ದಿನಗಳಲ್ಲಂತೂ ಕೆಲಸಕ್ಕೆ ವಾರವೇ ಹಿಡಿಯಬಹುದು.

ಆಮೇಲೆ ಏಪ್ರಿಲಿನಲ್ಲಿ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ತೆಗೆದೆ. ನಮ್ಮ 15 ಡಿಗ್ರಿ ಅಕ್ಷಾಂಶದಿಂದ ಅದು ದಕ್ಷಿಣ ದಿಗಂತದ ಮೇಲೆ ಸಾಕಷ್ಟು ಎತ್ತರಕ್ಕೆ ಬರುತ್ತದೆ, ದೆಹಲಿಯವರಿಗೆ ಅಷ್ಟು ಸಿಗದು. ಕೂಲರ್, ಹೀಟರ್ ಎರಡೂ ನಡೆಯುತ್ತಿದ್ದಾಗಲೇ ಮೌಂಟ್ ತಿರುಗಿಸಿದೆ, ದೀಪ ಒಮ್ಮೆಯೂ ಮಿಣುಕಲಿಲ್ಲ.

ಹೋಗುವಾಗ ಬ್ಯಾಟರಿ, ಅಡಾಪ್ಟರ್, ಕೇಬಲ್, ಮೌಂಟ್ ಎಲ್ಲವನ್ನೂ ಒಯ್ಯಿರಿ. ಬಾಯಿಮಾತಿನ ವಿವರಣೆ ಕೇಳಿ ಅವರು ಕೆಲಸ ಹಿಡಿಯುವುದಿಲ್ಲ. ಬೆಳಿಗ್ಗೆ ಹನ್ನೊಂದರೊಳಗೆ ಹೋದರೆ ಗದ್ದಲ ಕಡಿಮೆ, ಎದುರಿಗೇ ಕೂತು ಮಾಡಿಸಿಕೊಳ್ಳಬಹುದು.